ಬಾಡಿಗೆ ಮನೆಯ ಗೋಡೆ ಹೇಳುವ ಚರಿತ್ರೆ



ಈ ಲೇಖನವನ್ನು ಓದುವ ಮುನ್ನ ಒಂದು ಸಣ್ಣ ಕೆಲಸ ಮಾಡಿ. ನಿಮ್ಮ ಮನೆಯ ಗೋಡೆಯಲ್ಲಿ ಬಹಳ ದಿನಗಳಿಂದ ತೂಗುತ್ತಿರುವ ಕ್ಯಾಲೆಂಡರನ್ನೋ ದೇವರ ಪಟವನ್ನೋ ಮೆಲ್ಲಗೆ ಎತ್ತಿ, ಅದರ ಹಿಂದಿನ ಗೋಡೆಯನ್ನು ನೋಡಿ. ಅಲ್ಲಿ ಪಟದಷ್ಟೇ ಅಳತೆಯ ಒಂದು ಚೌಕ ಕಾಣಿಸುತ್ತದೆ. ಸುತ್ತಲಿನ ಗೋಡೆಗಿಂತ ಅದರ ಬಣ್ಣ ತಿಳಿಯಾಗಿರುತ್ತದೆ ಅಥವಾ ಗಾಢವಾಗಿರುತ್ತದೆ. ಅಡುಗೆಯ ಹೊಗೆ, ಊದುಬತ್ತಿಯ ಮಸಿ, ಬೀದಿಯ ಧೂಳು, ಕಿಟಕಿಯ ಬಿಸಿಲು ಎಲ್ಲವೂ ಸುತ್ತಲಿನ ಗೋಡೆಯನ್ನು ಮುಟ್ಟಿವೆ, ಪಟದ ಹಿಂದಿನ ಜಾಗವನ್ನು ಮುಟ್ಟಿಲ್ಲ. ಆ ಪಟ ಅಲ್ಲಿ ಎಷ್ಟು ಕಾಲ ಇತ್ತು ಎಂಬುದನ್ನು ಗೋಡೆ ತನ್ನದೇ ರೀತಿಯಲ್ಲಿ ಬರೆದಿಟ್ಟುಕೊಂಡಿದೆ.

ಇದು ಒಂದು ದಾಖಲೆ. ಶಾಸನ, ತಾಮ್ರಪಟ, ಕಡತಗಳಂತೆ ಇದನ್ನೂ ಓದಬಹುದು. ಈ ದಾಖಲೆಯ ಮೂಲಕ ನಮ್ಮ ಪಠ್ಯಪುಸ್ತಕಗಳಲ್ಲಿ ಹೆಚ್ಚಾಗಿ ಕಾಣಿಸದ ಒಂದು ವರ್ಗದ ಚರಿತ್ರೆಯನ್ನು ತಿಳಿಯಲು ಪ್ರಯತ್ನಿಸೋಣ. ಆ ವರ್ಗ ಬಾಡಿಗೆದಾರರದು. ಅರಮನೆ ಕಟ್ಟಿಸಿದವರ ಹೆಸರು ನಮಗೆ ಗೊತ್ತು. ಮನೆ ಕಟ್ಟಿಸಿದವರ ಹೆಸರು ಖಾತೆಯಲ್ಲಿ, ಕ್ರಯಪತ್ರದಲ್ಲಿ ಸಿಗುತ್ತದೆ. ಆದರೆ ಆ ಮನೆಯಲ್ಲಿ ಹತ್ತು ವರ್ಷ ಬಾಳಿ, ಮಕ್ಕಳನ್ನು ಬೆಳೆಸಿ, ಒಂದು ದಿನ ಸಾಮಾನು ಕಟ್ಟಿಕೊಂಡು ಹೊರಟುಹೋದವರ ಹೆಸರು ಎಲ್ಲಿದೆ? ತಮ್ಮದಲ್ಲದ ಮನೆಯನ್ನು ಅವರು ತಮ್ಮದಾಗಿ ಮಾಡಿಕೊಂಡದ್ದು ಹೇಗೆ? ಬೆಂಗಳೂರನ್ನೇ ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ.

ಪ್ಲೇಗು ಮತ್ತು ಹೊಸ ಬಡಾವಣೆಗಳು

ಹತ್ತೊಂಬತ್ತನೆಯ ಶತಮಾನದಲ್ಲಿ ಬೆಂಗಳೂರು ಎರಡು ಊರಾಗಿತ್ತು. ಒಂದು ಹಳೆಯ ಪೇಟೆ, ಇನ್ನೊಂದು 1809ರಲ್ಲಿ ಬ್ರಿಟಿಷರು ಸ್ಥಾಪಿಸಿದ ದಂಡು. 1949ರಲ್ಲಿ ಎರಡನ್ನೂ ಸೇರಿಸಿ ಒಂದೇ ನಗರಪಾಲಿಕೆ ಮಾಡುವವರೆಗೆ ಇವುಗಳ ಆಡಳಿತವೂ ಬೇರೆ ಬೇರೆಯಾಗಿತ್ತು. ಪೇಟೆಯಲ್ಲಿ ಮನೆಯೂ ಕಸುಬೂ ಒಂದೇ ಸೂರಿನಡಿ ನಡೆಯುತ್ತಿದ್ದವು. ಮುಂದೆ ಅಂಗಡಿ ಅಥವಾ ಮಗ್ಗ, ಹಿಂದೆ ಅಡುಗೆ, ಮೇಲೆ ಮಲಗುವ ಅಟ್ಟ. ಓಣಿಗಳು ಇಕ್ಕಟ್ಟು, ಗಾಳಿ ಬೆಳಕು ಕಡಿಮೆ.

1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಜನ ಊರು ಬಿಟ್ಟು ಗುಡಿಸಲು ಹಾಕಿಕೊಂಡರು. ಎಷ್ಟೋ ಮಂದಿ ತೀರಿಕೊಂಡರು. ಜನಗಣತಿಯ ಅಂಕಿಗಳನ್ನು ನೋಡಿ: 1891ರಲ್ಲಿ ಸುಮಾರು 1 ಲಕ್ಷ 80 ಸಾವಿರವಿದ್ದ ಜನಸಂಖ್ಯೆ 1901ರಲ್ಲಿ ಸುಮಾರು 1 ಲಕ್ಷ 59 ಸಾವಿರಕ್ಕೆ ಇಳಿದಿತ್ತು. ಬೆಳೆಯುತ್ತಿದ್ದ ಊರು ಹತ್ತು ವರ್ಷಗಳಲ್ಲಿ ಕುಗ್ಗಿತು ಎಂದರೆ ಆ ಕಾಲದ ಭಯವನ್ನು ನೀವು ಊಹಿಸಬಹುದು.

ಪ್ಲೇಗಿನ ನಂತರ ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳು ಬೆಳೆದವು. ಚಾಮರಾಜಪೇಟೆ 1892ರಲ್ಲಿಯೇ ರೂಪುಗೊಂಡಿತ್ತು. ಅಗಲವಾದ ರಸ್ತೆಗಳು, ಮನೆಗಳ ಹಿಂದೆ ಜಾಡಮಾಲಿಗಳು ಓಡಾಡುವ ಓಣಿಗಳು, ಗಾಳಿ ಬೆಳಕಿಗೆ ಜಾಗ, ಇವು ಹೊಸ ಬಡಾವಣೆಗಳ ಲಕ್ಷಣ. ನಿವೇಶನ ಕೊಳ್ಳಬಲ್ಲವರು ಅಲ್ಲಿ ಮನೆ ಕಟ್ಟಿಕೊಂಡರು. ಕೊಳ್ಳಲಾರದವರು ಏನು ಮಾಡಿದರು? ಕೊಂಡವರ ಬಳಿಯೇ ಬಾಡಿಗೆಗೆ ಬಂದರು.

ದೊಡ್ಡ ನಿವೇಶನದ ಒಂದು ಭಾಗದಲ್ಲಿ ಯಜಮಾನರ ಮನೆ, ಉಳಿದ ಜಾಗದಲ್ಲಿ ಸಾಲಾಗಿ ಸಣ್ಣ ಮನೆಗಳು, ನಡುವೆ ಒಂದು ಅಂಗಳ, ಅಂಗಳದಲ್ಲಿ ಎಲ್ಲರಿಗೂ ಸೇರಿ ಒಂದು ನಲ್ಲಿ. ಇದೇ ವಠಾರ. 1896ರ ಹೊತ್ತಿಗೆ ಹೆಸರಘಟ್ಟದ ಕೆರೆಯಿಂದ ಕೊಳವೆಯಲ್ಲಿ ನೀರು ಬಂದಿತ್ತು. ಆ ನೀರಿನ ಮುಂದೆ ಬಿಂದಿಗೆಗಳ ಸಾಲು ನಿಂತದ್ದು ಹೆಚ್ಚಾಗಿ ಇಂಥ ಅಂಗಳಗಳಲ್ಲಿ. ಸೂರಿಗೆ ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಷನರಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯ ಹೆಂಚು ಮುಂದೆ ನಾಡಿನ ಸೂರನ್ನೇ ಬದಲಿಸಿತು. ಕತ್ತಲ ಕೋಣೆಗೆ ನಡುವೆ ಒಂದು ಗಾಜಿನ ಹೆಂಚು ಹಾಕಿದರೆ, ಮಧ್ಯಾಹ್ನ ನೆಲದ ಮೇಲೆ ಬಿಸಿಲಿನ ಒಂದು ಬಿಲ್ಲೆ ಬೀಳುತ್ತಿತ್ತು.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಕಾರ್ಖಾನೆಗಳು ಬಂದವು. ಎಚ್‌.ಎ.ಎಲ್. 1940ರಲ್ಲಿ, ಐ.ಟಿ.ಐ. 1948ರಲ್ಲಿ, ಎಚ್.ಎಂ.ಟಿ. 1953ರಲ್ಲಿ, ಬಿ.ಇ.ಎಲ್. 1954ರಲ್ಲಿ. ಹಳ್ಳಿಗಳಿಂದ, ಸಣ್ಣ ಊರುಗಳಿಂದ, ನೆರೆಯ ರಾಜ್ಯಗಳಿಂದ ಜನ ಕೆಲಸಕ್ಕೆ ಬಂದರು. 1941ರಲ್ಲಿ ಸುಮಾರು 4 ಲಕ್ಷವಿದ್ದ ಬೆಂಗಳೂರು 1951ರಲ್ಲಿ 7 ಲಕ್ಷ 78 ಸಾವಿರ ದಾಟಿತ್ತು. ಇಷ್ಟು ಜನಕ್ಕೆ ಸ್ವಂತ ಮನೆ ಎಲ್ಲಿಂದ ಬರಬೇಕು? ಇಂದಿನ ನಗರದ ಎಷ್ಟೋ ಕುಟುಂಬಗಳ ಮೊದಲ ವಿಳಾಸ ಒಂದು ವಠಾರದ ನಂಬರು.

ಸುಣ್ಣ ಎಂಬ ತೆಳುಗಲ್ಲು

ಈಗ ಗೋಡೆಗೆ ಬರೋಣ. ನಾನು ವಿಜ್ಞಾನ ಓದಿ ದೂರದರ್ಶನದ ಕೆಲಸಕ್ಕೆ ಬಂದವನು. ಆದ್ದರಿಂದ ಇಲ್ಲಿ ಸ್ವಲ್ಪ ರಸಾಯನಶಾಸ್ತ್ರ ಹೇಳಿದರೆ ಬೇಸರಿಸಬೇಡಿ.

ಸುಣ್ಣದ ಕಲ್ಲು ಎಂದರೆ ಕ್ಯಾಲ್ಸಿಯಂ ಕಾರ್ಬೋನೇಟ್. ಅದನ್ನು ಗೂಡಿನಲ್ಲಿ ಸುಟ್ಟಾಗ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಕೊತಕೊತ ಕುದಿದು ಅರಳುತ್ತದೆ. ಹೀಗೆ ಅರಳಿದ ಸುಣ್ಣವನ್ನು ತಿಳಿಯಾಗಿ ಕಲಸಿ ಗೋಡೆಗೆ ಬಳಿದಾಗ ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕ್ಯಾಲ್ಸಿಯಂ ಕಾರ್ಬೋನೇಟ್ ಆಗುತ್ತದೆ. ಅಂದರೆ ಕಲ್ಲು ಸುಣ್ಣವಾಗಿ, ಸುಣ್ಣ ಮತ್ತೆ ಕಲ್ಲಾಗುತ್ತದೆ. ಪ್ರತಿ ಯುಗಾದಿಗೋ ಗೌರಿ ಹಬ್ಬಕ್ಕೋ ಬಳಿಯುವ ಒಂದೊಂದು ಸುಣ್ಣವೂ ಗೋಡೆಯ ಮೇಲೆ ಕಾಗದದಷ್ಟು ತೆಳುವಾದ ಒಂದು ಕಲ್ಲಿನ ಪದರ. ಭೂವಿಜ್ಞಾನಿ ಬಂಡೆಯ ಪದರಗಳನ್ನು ಎಣಿಸುವಂತೆ, ಹಳೆಯ ಮನೆಯ ಗೋಡೆಯಲ್ಲಿ ಹಬ್ಬಗಳನ್ನು ಎಣಿಸಬಹುದು.

ಪ್ಲೇಗಿನ ಕಾಲದಲ್ಲಿ ಮನೆಗಳಿಗೆ ಸುಣ್ಣ ಹೊಡೆಯುವುದು ರೋಗ ತಡೆಯುವ ಕ್ರಮಗಳಲ್ಲಿ ಒಂದಾಗಿತ್ತು. ಸುಣ್ಣ ಕ್ಷಾರೀಯವಾದುದರಿಂದ ಬೂಷ್ಟು, ಕೆಲವು ರೋಗಾಣುಗಳು ಅದರ ಮೇಲೆ ಬದುಕಲಾರವು. ಆದರೆ ಪ್ಲೇಗನ್ನು ಹರಡುತ್ತಿದ್ದದ್ದು ಇಲಿಯ ಮೈಮೇಲಿನ ಚಿಗಟ. ಈ ಸಂಗತಿಯನ್ನು ಪಾಲ್ ಲೂಯಿ ಸೀಮೊಂದ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ತೋರಿಸಿಕೊಟ್ಟದ್ದು ಅದೇ 1898ರಲ್ಲಿ. ಗೋಡೆಗೆ ಸುಣ್ಣ ಬಳಿದ ಮಾತ್ರಕ್ಕೆ ಇಲಿ ಹೋಗುವುದಿಲ್ಲ. ಆದರೂ ‘ಬಿಳಿ ಗೋಡೆ ಆರೋಗ್ಯದ ಗೋಡೆ’ ಎಂಬ ನಂಬಿಕೆ ಉಳಿಯಿತು.

ಬಿಳಿ ಬಣ್ಣಕ್ಕೆ ಇನ್ನೊಂದು ಉಪಯೋಗವೂ ಇತ್ತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು 1905ರ ಆಗಸ್ಟಿನಲ್ಲಿ. ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತು ಅದಕ್ಕೂ ಮೊದಲೇ, 1902ರಲ್ಲಿ, ಕೋಲಾರದ ಚಿನ್ನದ ಗಣಿಗಳಿಗೆ ತಲುಪಿತ್ತು. ಗಣಿಗೆ ಮೊದಲು, ಬೀದಿಗೆ ಆಮೇಲೆ, ವಠಾರದ ಕೋಣೆಗೆ ಎಲ್ಲಕ್ಕಿಂತ ಕಡೆಗೆ. ಬಂದ ಮೇಲೂ ಮನೆಗೆ ಒಂದೋ ಎರಡೋ ಬಲ್ಬು. ಮಸಿ ಹಿಡಿದ ಗೋಡೆ ಬೆಳಕನ್ನು ನುಂಗುತ್ತದೆ, ಬಿಳಿಯ ಗೋಡೆ ಬಹುಪಾಲನ್ನು ಹಿಂದಿರುಗಿಸುತ್ತದೆ. ಸುಣ್ಣ ಬಳಿದ ದಿನ ಅದೇ ಬಲ್ಬು ಎರಡರಷ್ಟು ಉರಿಯುವಂತೆ ಕಾಣುತ್ತದಲ್ಲವೇ? ಅದು ಬರೀ ಭ್ರಮೆಯಲ್ಲ.

ಸುಣ್ಣಕ್ಕೆ ಒಂದು ಚಿಟಿಕೆ ನೀಲಿ ಬೆರೆಸುವುದನ್ನು ನಿಮ್ಮ ಅಜ್ಜಿಯನ್ನು ಕೇಳಿ. ಕಾಲಕಳೆದಂತೆ ಬಿಳಿ ಹಳದಿಗೆ ತಿರುಗುತ್ತದೆ. ನೀಲಿ ಆ ಹಳದಿಯನ್ನು ಕಣ್ಣಿಗೆ ಮರೆಮಾಡುತ್ತದೆ. ಒಂದು ಕಾಲಕ್ಕೆ ಈ ನೀಲಿಯನ್ನು ಅಫಘಾನಿಸ್ತಾನದ ರತ್ನದ ಕಲ್ಲಿನಿಂದ ತೆಗೆಯಬೇಕಾಗಿತ್ತು. ಯುರೋಪಿನ ಚಿತ್ರಕಾರರಿಗೂ ಅದು ಬಹು ದುಬಾರಿಯಾಗಿತ್ತು. 1820ರ ದಶಕದ ಕೊನೆಯಲ್ಲಿ ಫ್ರಾನ್ಸ್ ಮತ್ತು ಜರ್ಮನಿಗಳಲ್ಲಿ ಅದನ್ನು ಕೃತಕವಾಗಿ ತಯಾರಿಸುವ ಕ್ರಮ ತಿಳಿದ ಮೇಲೆ, ರಾಜರ ಬಣ್ಣ ವಠಾರದ ಸುಣ್ಣದ ಬಕೀಟಿಗೆ ಬಂದು ಬಿತ್ತು.

ಕಿತ್ತು ಕೊಂಡೊಯ್ಯುವ ಅಲಂಕಾರ

ಬಾಡಿಗೆದಾರರ ಅಲಂಕಾರಕ್ಕೆ ಒಂದು ನಿಯಮವಿದೆ. ಕೊಂಡೊಯ್ಯಲು ಬರಬೇಕು, ಇಲ್ಲವೇ ಅಳಿಸಿಹೋಗಬೇಕು. ಈ ದೃಷ್ಟಿಯಿಂದ ವಠಾರದ ಒಂದು ಮನೆಯನ್ನು ನೋಡಿ.

ಬೆಳಿಗ್ಗೆ ಹೊಸಿಲು ತೊಳೆದು ಇಟ್ಟ ರಂಗೋಲಿ ಸಂಜೆಯ ಹೊತ್ತಿಗೆ ಕಾಲಿಗೆ ಸವೆದು ಹೋಗುತ್ತದೆ. ಮಾವಿನ ತೋರಣ ಮೂರು ದಿನಕ್ಕೆ ಒಣಗುತ್ತದೆ. ಆದರೆ ಹತ್ತು ಬಾಗಿಲುಗಳ ಸಾಲಿನಲ್ಲಿ ‘ಇದು ನಮ್ಮ ಬಾಗಿಲು’ ಎಂದು ಹೇಳಲು ಅಷ್ಟು ಸಾಕು. ಕೊಕ್ಕೆಕಡ್ಡಿಯಲ್ಲಿ ಹೆಣೆದ ಬಾಗಿಲ ಪರದೆ, ಮಣಿಯ ತೋರಣ, ಕಸೂತಿ ಹಾಕಿದ ರೇಡಿಯೋ ಮುಸುಕು, ಚನ್ನಪಟ್ಟಣದ ಗೊಂಬೆಗಳು, ಎಲ್ಲವೂ ಒಂದು ಟ್ರಂಕಿನಲ್ಲಿ ಹಿಡಿಸುವಂಥವು. ಒಂದೇ ಕೋಣೆಯಿದ್ದರೆ ಹಳೆಯ ಸೀರೆಯನ್ನು ಹಗ್ಗಕ್ಕೆ ಇಳಿಬಿಟ್ಟು ಎರಡು ಕೋಣೆ ಮಾಡುತ್ತಿದ್ದರು.

ದಸರಾ ಬಂದಾಗ ಗೊಂಬೆ ಕೂರಿಸುವ ಮೆಟ್ಟಿಲುಗಳನ್ನು ನೆನೆಸಿಕೊಳ್ಳಿ. ಟ್ರಂಕಿನ ಮೇಲೆ ಟ್ರಂಕು, ಡಬ್ಬಿಯ ಮೇಲೆ ಹಲಗೆ, ಅದರ ಮೇಲೆ ಮಡಿಯಾದ ಬಿಳಿ ಪಂಚೆ. ಎಲ್ಲಕ್ಕಿಂತ ಮೇಲೆ ಪಟ್ಟದ ಗೊಂಬೆಗಳು. ಒಂಬತ್ತು ದಿನ ಅದು ಅರಮನೆಯ ದರ್ಬಾರು. ಹತ್ತನೆಯ ದಿನ ಕಳೆದರೆ ಪಂಚೆ ಪಂಚೆಯಾಗಿ, ಟ್ರಂಕು ಟ್ರಂಕಾಗಿ ಮರಳುತ್ತಿತ್ತು. ಸ್ವಂತ ನೆಲವಿಲ್ಲದವರು ಕಟ್ಟಿದ ಅರಮನೆ ಹೀಗಿತ್ತು.

ಗೋಡೆಗೆ ಪಟ ಬಂದದ್ದು ಮುದ್ರಣಯಂತ್ರದಿಂದ. ಮೈಸೂರು ಅರಮನೆಗೂ ಚಿತ್ರಗಳನ್ನು ಬರೆದುಕೊಟ್ಟ ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ಸ್ಥಾಪಿಸಿದ. ಅಲ್ಲಿಯವರೆಗೆ ವರ್ಣಚಿತ್ರವೆಂಬುದು ಹೆಚ್ಚಾಗಿ ಸಿರಿವಂತರ ಮನೆಯ ಸೊತ್ತು. ಅಚ್ಚಾದ ಲಕ್ಷ್ಮಿ ಸರಸ್ವತಿಯರು ಸಾಮಾನ್ಯರ ಮನೆಗೂ ನಡೆದು ಬಂದರು. ಮುಂದೆ ಶಿವಕಾಶಿಯ ಅಚ್ಚುಕೂಟಗಳ ಕ್ಯಾಲೆಂಡರುಗಳು ಇನ್ನೂ ಅಗ್ಗ ಮಾಡಿದವು. ಜವಳಿ ಅಂಗಡಿಯವರು ದೀಪಾವಳಿಗೆ ಪುಕ್ಕಟೆಯಾಗಿ ಕೊಟ್ಟ ಕ್ಯಾಲೆಂಡರು, ವರ್ಷ ಮುಗಿದ ಮೇಲೂ ತಾರೀಖಿನ ಭಾಗ ಕತ್ತರಿಸಿಕೊಂಡು ದೇವರ ಪಟವಾಗಿ ಉಳಿಯುತ್ತಿತ್ತು.

ಆಮೇಲೆ ಡಿಸ್ಟೆಂಪರ್ ಬಂತು. ಕೈಯಲ್ಲಿ ಬಣ್ಣದ ಡಬ್ಬಿ, ಬ್ರಷ್ ಹಿಡಿದ ಗಟ್ಟು ಎಂಬ ತುಂಟ ಹುಡುಗನ ಚಿತ್ರವನ್ನು ಹಳೆಯ ಜಾಹೀರಾತುಗಳಲ್ಲಿ ನೀವು ಕಂಡಿರಬಹುದು. ಏಷ್ಯನ್ ಪೇಂಟ್ಸ್ ಕಂಪನಿಗಾಗಿ 1954ರಲ್ಲಿ ಅವನನ್ನು ಬರೆದವರು ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್.

ಮೊಳೆ ಮತ್ತು ಕಾನೂನು

ಬಾಡಿಗೆ ಮನೆಯಲ್ಲಿ ಅತಿ ಹೆಚ್ಚು ಜಗಳಕ್ಕೆ ಕಾರಣವಾದ ವಸ್ತು ಯಾವುದು ಗೊತ್ತೇ? ಒಂದು ಅಂಗುಲದ ಮೊಳೆ. ಪಟ ತೂಗುಹಾಕಲು ಮೊಳೆ ಬೇಕು, ಗೋಡೆ ಇನ್ನೊಬ್ಬರದು. ಈ ಜಗಳಕ್ಕೆ ಕಾನೂನಿನ ಉತ್ತರ ಬಹಳ ಹಳೆಯದು.

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೆಯ ಕಲಮು ಮಾಲೀಕ ಮತ್ತು ಬಾಡಿಗೆದಾರರ ಹಕ್ಕು ಬಾಧ್ಯತೆಗಳನ್ನು ಹೇಳುತ್ತದೆ. ಅದರ ತಾತ್ಪರ್ಯ ಇಷ್ಟು. ಬಾಡಿಗೆದಾರ ತಾನು ಜೋಡಿಸಿದ್ದನ್ನು ತೆಗೆದುಕೊಂಡು ಹೋಗಬಹುದು, ಆದರೆ ಸ್ವತ್ತನ್ನು ತಾನು ಪಡೆದ ಸ್ಥಿತಿಯಲ್ಲೇ ಬಿಡಬೇಕು. ಬಳಕೆಯಿಂದ ಸಹಜವಾಗಿ ಆಗುವ ಸವೆತ ಅವನ ತಪ್ಪಲ್ಲ. ಮಾಲೀಕನ ಒಪ್ಪಿಗೆಯಿಲ್ಲದೆ ಶಾಶ್ವತವಾದ ಕಟ್ಟಡವನ್ನು ಎಬ್ಬಿಸಬಾರದು. ಪಂಚೆ ಹೊದಿಸಿದ ಟ್ರಂಕಿನ ಮೆಟ್ಟಿಲು ಕಾನೂನಿಗೂ ಒಪ್ಪಿಗೆ ಎಂದಾಯಿತು! ಮೊಳೆಯ ತೂತು ಸಹಜ ಸವೆತವೋ ಹಾನಿಯೋ ಎಂಬುದು ಮಾತ್ರ ಪ್ರತಿ ಮನೆಯಲ್ಲೂ ಹೊಸದಾಗಿ ತೀರ್ಮಾನವಾಗುವ ವಿಷಯ.

ಯುದ್ಧ, ಬೆಲೆಯೇರಿಕೆ, ವಲಸೆಗಳ ಕಾಲದಲ್ಲಿ ಬಾಡಿಗೆ ಏರದಂತೆ ಸರ್ಕಾರಗಳು ಕೈಹಾಕಿದವು. ಮುಂಬಯಿಯಲ್ಲಿ 1918ರಲ್ಲೇ ಇಂಥ ಕಾಯ್ದೆ ಬಂದಿತ್ತು. ಮೈಸೂರಿನಲ್ಲಿ 1951ರಲ್ಲಿ, ಏಕೀಕರಣದ ನಂತರ ಇಡೀ ರಾಜ್ಯಕ್ಕಾಗಿ 1961ರಲ್ಲಿ ಬಾಡಿಗೆ ನಿಯಂತ್ರಣ ಕಾಯ್ದೆಗಳಾದವು. ಮನಬಂದಂತೆ ಬಾಡಿಗೆ ಏರಿಸುವಂತಿಲ್ಲ, ಕಾರಣವಿಲ್ಲದೆ ಹೊರಗೆ ಹಾಕುವಂತಿಲ್ಲ. ಲಿಖಿತ ಒಪ್ಪಿಗೆಯಿಲ್ಲದೆ ಶಾಶ್ವತ ಕಟ್ಟಡ ಎಬ್ಬಿಸಿದರೆ ಅದು ಹೊರಹಾಕಲು ಒಂದು ಕಾರಣವಾಗುತ್ತಿತ್ತು.

ಈ ಕಾಯ್ದೆಗಳ ಎರಡು ಮುಖಗಳನ್ನೂ ನೀವು ನೋಡಬೇಕು. ಬಡ ಗುಮಾಸ್ತ, ಕಾರ್ಮಿಕ, ವಿಧವೆಯರಿಗೆ ಇವು ನೆರಳಾದವು. ಇನ್ನೊಂದು ಕಡೆ, ಬಾಡಿಗೆ ಹಾಗೇ ನಿಂತು ಸಾಮಾನಿನ ಬೆಲೆ ಏರಿದಾಗ, ಬಂದ ಬಾಡಿಗೆ ಹೆಂಚು ಬದಲಿಸಲೂ ಸಾಲದೆ ಹೋಯಿತು. ಎಷ್ಟೋ ಮಾಲೀಕರು ಮನೆಯ ಕಡೆ ನೋಡುವುದನ್ನೇ ಬಿಟ್ಟರು. ಅವರಲ್ಲೂ ಆ ಬಾಡಿಗೆಯಿಂದಲೇ ಬದುಕುವ ಮುದುಕರು, ಒಂಟಿ ಹೆಂಗಸರು ಇದ್ದರು. ಹೀಗಾಗಿ ಸುಣ್ಣ ಹೊಡೆಯುವ ಕೆಲಸ ಬಾಡಿಗೆದಾರರ ಪಾಲಿಗೆ ಬಂತು. ಯಾರ ಗೋಡೆಗೋ ಯಾರೋ ಸುಣ್ಣ ಬಳಿದರು. ಮುಂದೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಕೊನೆಯಲ್ಲಿ ಜಾರಿಗೆ ಬಂದು ಹಳೆಯ ಕಾಯ್ದೆಯ ಜಾಗ ಪಡೆಯಿತು. 2021ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆಂದು ಒಪ್ಪಿದ ಮಾದರಿ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಬೇಡವೆಂದು ಹೇಳಿತು. ಬೆಂಗಳೂರಿನಲ್ಲಿ ಹತ್ತು ತಿಂಗಳ ಮುಂಗಡ ಕೊಟ್ಟವರು ಇದನ್ನು ಓದಿ ನಿಟ್ಟುಸಿರು ಬಿಟ್ಟಿರಬೇಕು.

ತೆರೆಯದ ಬಾಗಿಲು

ಮನೆ ಸಿಂಗರಿಸುವ ಮಾತು ಮನೆ ಸಿಕ್ಕ ಮೇಲಿನದು. ಸಿಗದವರ ಚರಿತ್ರೆಯನ್ನೂ ಹೇಳದಿದ್ದರೆ ಈ ಪಾಠ ಅರ್ಧವಾಗುತ್ತದೆ.

ಅಮೆರಿಕ ಮತ್ತು ಇಂಗ್ಲೆಂಡುಗಳಲ್ಲಿ ಓದಿ ಬಂದ ಡಾ. ಬಿ.ಆರ್. ಅಂಬೇಡ್ಕರ್ 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದರು. ಊರಿನಲ್ಲಿ ಅವರಿಗೆ ತಂಗಲು ಮನೆ ಸಿಗಲಿಲ್ಲ. ತಮ್ಮ ಜಾತಿಯನ್ನು ಮರೆಮಾಡಿ, ಪಾರ್ಸಿ ವಸತಿಗೃಹವೊಂದರಲ್ಲಿ ಬಾಡಿಗೆಗೆ ಕೋಣೆ ಹಿಡಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪು ಬಂದು ಹೊರಹಾಕಿತು. ಈ ಅನುಭವವನ್ನು ಅವರೇ ಬರೆದಿಟ್ಟಿದ್ದಾರೆ. ಲೋಕದ ದೊಡ್ಡ ವಿಶ್ವವಿದ್ಯಾಲಯಗಳ ಬಾಗಿಲು ತೆರೆದವರಿಗೆ ಒಂದು ಬಾಡಿಗೆ ಕೋಣೆಯ ಬಾಗಿಲು ತೆರೆದಿರಲಿಲ್ಲ.

ನಮ್ಮ ನಗರಗಳಲ್ಲಿಯೂ ‘ಮನೆ ಬಾಡಿಗೆಗೆ ಇದೆ’ ಎಂಬ ಬೋರ್ಡಿನ ಕೆಳಗೆ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದು ಬರೆದದ್ದನ್ನು ನೀವು ಕಂಡಿರಬಹುದು. ಬರೆಯದೆಯೂ ಕೇಳುವ ಪ್ರಶ್ನೆಗಳಿವೆ: ನೀವು ಯಾವ ಪೈಕಿ? ಮದುವೆಯಾಗಿದೆಯೇ? ಒಬ್ಬರೇ ಇರುತ್ತೀರಾ? ಬಾಡಿಗೆ ಮನೆಯ ಚರಿತ್ರೆ ಬರೆಯುವವರು ಗೋಡೆಯ ಜೊತೆಗೆ ಈ ಬೋರ್ಡನ್ನೂ ಓದಬೇಕು.

ಒಂದು ಮನೆಯ ಗೋಡೆ

ಲೋಕದಲ್ಲಿ ಬಾಡಿಗೆ ಮನೆಗಳ ಚರಿತ್ರೆಯನ್ನು ಕಾಪಾಡಿದ ಉದಾಹರಣೆಯೂ ಇದೆ. ಅಮೆರಿಕದ ನ್ಯೂಯಾರ್ಕ್ ನಗರದ ಆರ್ಚರ್ಡ್ ಬೀದಿಯಲ್ಲಿ 97ನೆಯ ನಂಬರಿನ ಕಟ್ಟಡ 1863ರಲ್ಲಿ ಬಾಡಿಗೆಗೆಂದೇ ಕಟ್ಟಿದ್ದು. 1935ರಲ್ಲಿ, ಕಾನೂನು ಕೇಳಿದ ದುರಸ್ತಿ ಮಾಡಿಸುವುದಕ್ಕಿಂತ ಖಾಲಿ ಮಾಡಿಸುವುದೇ ಲೇಸೆಂದು ಮಾಲೀಕರು ಮೇಲಿನ ಮಹಡಿಗಳಿಗೆ ಬೀಗ ಹಾಕಿದರು. ಅಷ್ಟರಲ್ಲಿ ಸುಮಾರು 7,000 ಜನ ಅಲ್ಲಿ ಬಾಳಿ ಹೋಗಿದ್ದರು. ಹೆಚ್ಚಿನವರು ಬೇರೆ ದೇಶಗಳಿಂದ ಬಂದ ಬಡ ಕೂಲಿಕಾರರು. 1988ರಲ್ಲಿ ಸ್ಥಾಪನೆಯಾದ ವಸ್ತುಸಂಗ್ರಹಾಲಯವೊಂದು ಈ ಬೀಗ ತೆರೆಸಿತು. ಗೋಡೆಯ ಮೇಲೆ ಒಂದರ ಮೇಲೊಂದು ಅಂಟಿಸಿದ ಅಲಂಕಾರದ ಕಾಗದಗಳ ಪದರಗಳು ಸಿಕ್ಕವು. ಯಾರದೋ ಮನೆಗೆ ಬಡವರು ತಮ್ಮ ಇಷ್ಟದ ಹೂಬಳ್ಳಿ ಅಂಟಿಸಿದ್ದರು. ಇಂದು ಆ ಪದರಗಳೇ ಅಲ್ಲಿನ ಪಠ್ಯ.

ನಮ್ಮಲ್ಲಿ? ನನ್ನದೇ ಒಂದು ಸಂಗತಿ ಹೇಳುತ್ತೇನೆ.

1980ರ ದಶಕದಲ್ಲಿ ನಾವು ಬೆಂಗಳೂರಿನ ಹಳೆಯ ಬಡಾವಣೆಯ ಒಂದು ವಠಾರದಲ್ಲಿ ಒಂಬತ್ತು ವರ್ಷ ಇದ್ದೆವು. ಅಪ್ಪ ಪ್ರೌಢಶಾಲೆಯ ಮೇಷ್ಟ್ರು. ಸುಣ್ಣ ಹೊಡೆಯುವುದು ಅಮ್ಮನ ಕೆಲಸ. ಚಿಕ್ಕಮ್ಮನ ಮದುವೆಯ ವರ್ಷ ನೆಂಟರು ಬರುತ್ತಾರೆಂಬ ಸಡಗರದಲ್ಲಿ ಅಮ್ಮನ ಕೈಯಿಂದ ನೀಲಿ ಹೆಚ್ಚು ಬಿದ್ದು, ಇಡೀ ಮನೆ ಆಕಾಶದ ಬಣ್ಣಕ್ಕೆ ತಿರುಗಿತ್ತು. ಮುಂದಿನ ಗೌರಿ ಹಬ್ಬದವರೆಗೂ ವಠಾರದವರು ನಮ್ಮ ಮನೆಯನ್ನು ‘ನೀಲಿ ಮನೆ’ ಎಂದೇ ಕರೆದರು.

ನಾವು ಮನೆ ಬಿಡುವ ಹಿಂದಿನ ರಾತ್ರಿ ಅಮ್ಮ ಎಲೆ ಅಡಿಕೆಯ ಸುಣ್ಣದ ಡಬ್ಬಿ ತೆಗೆದುಕೊಂಡು, ಒಂದೊಂದೇ ಮೊಳೆ ಕಿತ್ತು, ತೂತಿಗೆ ಹೆಬ್ಬೆರಳಿನಿಂದ ಸುಣ್ಣ ಒತ್ತಿ ತುಂಬಿದರು. ಆದರೂ ಬೆಳಿಗ್ಗೆ ಓನರು ಗೋಡೆಯ ಮೇಲೆ ಕೈಯಾಡಿಸಿ ನೋಡಿದರು.

“ಏನ್ರೀ ಮೇಷ್ಟ್ರೇ, ಇದೇನು ಗೋಡೇನೋ ಜರಡೀನೋ? ನಾನು ಮೇಸ್ತ್ರಿ ಕರೆಸಿ ರಿಪೇರಿ ಮಾಡಿಸಬೇಕು” ಎಂದರು.

“ಒಂಬತ್ತು ವರ್ಷ ಸುಣ್ಣ ನಾವೇ ಹೊಡೆಸಿದೀವಲ್ಲ ಸ್ವಾಮಿ” ಎಂದರು ಅಪ್ಪ.

“ಅದು ನೀವು ಇರೋದಕ್ಕೆ ಹೊಡ್ಕೊಂಡಿದ್ದು.”

ಮುಂಗಡದ 1,500 ರೂಪಾಯಿಯಲ್ಲಿ 200 ರೂಪಾಯಿ ಹಿಡಿದುಕೊಂಡು ಉಳಿದದ್ದನ್ನು ಕೊಟ್ಟರು. ಹದಿನೇಳು ತೂತುಗಳಿದ್ದವು. ಅಪ್ಪನ ಸಂಬಳದಲ್ಲಿ 200 ರೂಪಾಯಿ ಸಣ್ಣ ಮೊತ್ತವಲ್ಲ. ಗಾಡಿಯಲ್ಲಿ ಸಾಮಾನಿನ ಪಕ್ಕ ಕೂತ ಅಮ್ಮ ದಾರಿಯುದ್ದಕ್ಕೂ ಮಾತಾಡಲಿಲ್ಲ.

2014ರಲ್ಲಿ ವಠಾರಗಳ ಬಗ್ಗೆ ಒಂದು ಮಾತುಕತೆಯ ಕಾರ್ಯಕ್ರಮ ಮಾಡುವಾಗ, ಆ ವಠಾರವನ್ನು ಕೆಡವುತ್ತಾರೆಂದು ತಿಳಿದು ಕ್ಯಾಮೆರಾ ತೆಗೆದುಕೊಂಡು ಹೋದೆ. ಮನೆಗಳು ಖಾಲಿಯಾಗಿದ್ದವು. ಹೆಂಚು ಆಗಲೇ ಇಳಿಸಿದ್ದರು. ನಮ್ಮ ನಡುಮನೆಯ ಗೋಡೆಯಲ್ಲಿ ಗಾರೆ ಒಡೆದಿದ್ದ ಕಡೆ ಬಣ್ಣದ ಅಂಚು ಕಾಣುತ್ತಿತ್ತು. ಬೀಗದ ಕೈಯಿಂದ ಮೆಲ್ಲಗೆ ಕೆರೆದೆ. ಮೇಲೆ ಹಸಿರು ಡಿಸ್ಟೆಂಪರ್, ಅದರ ಕೆಳಗೆ ಹಳದಿ, ಅದರ ಕೆಳಗೆ ಸುಣ್ಣದ ಬಿಳಿ ಪದರಗಳು. ಅವುಗಳ ನಡುವೆ ಒಂದು ನೀಲಿ ಗೆರೆ. ಚಿಕ್ಕಮ್ಮನ ಮದುವೆಯ ವರ್ಷ! ಅದರ ಕೆಳಗೂ ಇನ್ನೆಷ್ಟೋ ಪದರಗಳಿದ್ದವು. ಅವು ನಮಗಿಂತ ಮೊದಲು ಅಲ್ಲಿ ಬಾಳಿದವರ ಹಬ್ಬಗಳು. ಅವರ ಹೆಸರು ನನಗೆ ಗೊತ್ತಿಲ್ಲ.

ದೇವರ ಪಟ ಇದ್ದ ಜಾಗವನ್ನು ಹುಡುಕಿ ಅಲ್ಲಿಯೂ ಕೆರೆದೆ. ಬಣ್ಣದ ಪದರ ಎದ್ದುಬಂದಾಗ ಅದರ ಹಿಂದೆ ಒಂದು ಸಣ್ಣ ಬಿಳಿ ತುಂಡು ಸಡಿಲಾಗಿ ಕೈಗೆ ಬಿತ್ತು. ಮೊಳೆಯದೇ ಆಕಾರ, ಕಲ್ಲಿನಂತೆ ಗಟ್ಟಿ. ಯಾವ ಮೇಸ್ತ್ರಿಯೂ ಬಂದಿರಲಿಲ್ಲ. ಅಮ್ಮ ಒತ್ತಿ ತುಂಬಿದ್ದ ಸುಣ್ಣದ ಮೇಲೆಯೇ ಬಣ್ಣ ಬಳಿದು, ಮನೆಯನ್ನು ಇನ್ನೊಬ್ಬರಿಗೆ ಕೊಟ್ಟಿದ್ದರು. ಇಷ್ಟು ವರ್ಷ ಆ ರಿಪೇರಿ ಹಾಗೇ ನಿಂತಿತ್ತು.

ಆ ತುಂಡನ್ನು ಅಮ್ಮನಿಗೆ ಕೊಟ್ಟೆ. ಅಂಗೈಯಲ್ಲಿ ಹೊರಳಿಸಿ ನೋಡಿ, “ನಾನು ಸರಿಯಾಗೇ ತುಂಬಿದ್ದೆ, ನೋಡಿದ್ಯಾ?” ಎಂದರು.

ಆ ದಿನ ನಾನೊಂದು ತಪ್ಪು ಮಾಡಿದೆ. ಕ್ಯಾಮೆರಾದಲ್ಲಿ ವಠಾರದ ಹಳಬರ ಮಾತುಗಳನ್ನು ಹಿಡಿದೆನೇ ಹೊರತು ಗೋಡೆಯ ಆ ನೀಲಿ ಗೆರೆಯನ್ನು ಹಿಡಿಯಲಿಲ್ಲ. ಅದು ನನ್ನ ಸ್ವಂತ ಮನೆವಾರ್ತೆ, ಚರಿತ್ರೆಯಲ್ಲ ಎಂದುಕೊಂಡೆ. ಮುಂದಿನ ವಾರ ಗೋಡೆ ಇರಲಿಲ್ಲ.

ಈಗ ನಿಮ್ಮ ಸರದಿ

ಇಂದು ವಠಾರಗಳ ಜಾಗದಲ್ಲಿ ಅಪಾರ್ಟ್‌ಮೆಂಟುಗಳಿವೆ. ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳಿಗೆ ಆಗುತ್ತದೆ. ಒಂದು ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕಾಗುವುದೇ ಇದಕ್ಕೆ ಮುಖ್ಯ ಕಾರಣ. ಮನೆ ಬಿಡುವಾಗ ಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆ ಹಿಡಿಯುವ ರೂಢಿ ಬಹಳ ಕಡೆ ಇದೆ. ಮೊಳೆ ಬೇಡದ ಅಂಟುಕೊಕ್ಕೆಗಳು, ಸಿಪ್ಪೆಯಂತೆ ಸುಲಿಯುವ ಗೋಡೆಯ ಚಿತ್ರಗಳು, ಮಡಿಚುವ ಕಪಾಟುಗಳು ಬಂದಿವೆ. ಸಾಮಾನು ಬದಲಾದರೂ ನಿಯಮ ಅದೇ: ಕೊಂಡೊಯ್ಯಲು ಬರಬೇಕು, ಇಲ್ಲವೇ ಅಳಿಸಿಹೋಗಬೇಕು. ಹಾಸ್ಟೆಲಿನ ಅಥವಾ ಪೇಯಿಂಗ್ ಗೆಸ್ಟ್ ಕೋಣೆಯಲ್ಲಿ ಮಂಚದ ತಲೆದೆಸೆಗೆ ಊರಿನ ಒಂದು ಫೋಟೋ ಅಂಟಿಸಿಕೊಂಡಿರುವ ನೀವೂ ಈ ಚರಿತ್ರೆಗೆ ಸೇರಿದವರೇ.

ಆದ್ದರಿಂದ ಈ ತಿಂಗಳು ಒಂದು ಕೆಲಸ ಮಾಡಿ. ನಿಮ್ಮ ಮನೆಯ ಹಿರಿಯರನ್ನು ಕೂರಿಸಿಕೊಂಡು ಅವರು ಬಾಳಿದ ಬಾಡಿಗೆ ಮನೆಗಳ ಪಟ್ಟಿ ಮಾಡಿ. ಯಾವ ವರ್ಷ, ಯಾವ ಬೀದಿ, ಎಷ್ಟು ಬಾಡಿಗೆ? ಹಳೆಯ ರೇಷನ್ ಕಾರ್ಡು, ಬಾಡಿಗೆ ರಸೀದಿ, ಇನ್‌ಲ್ಯಾಂಡ್ ಪತ್ರಗಳ ಮೇಲಿನ ವಿಳಾಸ ಇವು ನಿಮ್ಮ ಆಧಾರಗಳು. ಒಂದು ಮನೆಯ ನಕ್ಷೆಯನ್ನು ಅವರ ನೆನಪಿನಿಂದ ಬರೆಸಿ. ಒಲೆ ಎಲ್ಲಿತ್ತು, ಪಟ ಎಲ್ಲಿತ್ತು, ಯಾರು ಎಲ್ಲಿ ಮಲಗುತ್ತಿದ್ದರು? ಸುಣ್ಣ ಯಾರು ಹೊಡೆದರು? ಯಾವ ಮನೆ ಸಿಗಲಿಲ್ಲ, ಏಕೆ ಸಿಗಲಿಲ್ಲ? ಮನೆ ಬಿಡುವ ದಿನ ಏನನ್ನು ಕೊಂಡೊಯ್ದರು, ಏನನ್ನು ಬಿಟ್ಟುಬಂದರು?

ಆ ಮನೆ ಇನ್ನೂ ನಿಂತಿದ್ದರೆ, ಈಗ ಅಲ್ಲಿರುವವರ ಅಪ್ಪಣೆ ಕೇಳಿ ಒಮ್ಮೆ ಹೋಗಿ ನೋಡಿಬನ್ನಿ. ಗೋಡೆಯ ಫೋಟೋ ತೆಗೆಯುವುದನ್ನು ಮರೆಯಬೇಡಿ. ಅದು ಮನೆವಾರ್ತೆ, ಚರಿತ್ರೆಯಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಾನು ಒಮ್ಮೆ ನಂಬಿ ಕೆಟ್ಟೆ.